ಐದು ಗಂಟೆಯೊಳಗೆ ವಾಪಸ್ ಬಂದ ಕ್ಷಿಪಣಿ

ಸಂಸ್ಥೆಯ ಉಗ್ರಾಣ ನಿಯಮ ಹದಿನಾಲ್ಕರ ಪ್ರಕಾರ, ಗೇಟು ದಾಟಿ ಹೊರಹೋಗುವ ಪ್ರತಿಯೊಂದು ವಸ್ತುವಿಗೂ ಪಾಸು ಇರತಕ್ಕದ್ದು. ವಾಪಸ್ ಬರುವ ವಸ್ತುವಿಗೆ ಹಸಿರು ಪಾಸು, ಬಾರದ ವಸ್ತುವಿಗೆ ಕೆಂಪು. ಕೆಂಪು ಪಾಸಿನ ಪುಸ್ತಕ ಮುಗಿದು ನಾಲ್ಕು ವರ್ಷವಾಗಿದೆ. ಹೊಸದು ಅಚ್ಚು ಹಾಕಿಸಬೇಕಾದರೆ ಹಳೆಯದರ ರಟ್ಟನ್ನು ಮಾದರಿಗೆಂದು ಮುದ್ರಣಾಲಯಕ್ಕೆ ಕಳಿಸಬೇಕು. ಆ ರಟ್ಟು ವಾಪಸ್ ಬರುತ್ತದೋ ಇಲ್ಲವೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಅಲ್ಲಿಯವರೆಗೆ ಎಲ್ಲವೂ ಹಸಿರು ಪಾಸಿನಲ್ಲೇ ಹೊರಗೆ ಹೋಗಿ, ಸಂಜೆ ಐದರೊಳಗೆ ಒಳಗೆ ಬರುತ್ತಿವೆ. ಕಸವೂ ಹಾಗೆಯೇ ಹೋಗಿ ಬರುತ್ತದೆ.

ಇಂಥ ಶಿಸ್ತಿನ ಸಂಸ್ಥೆಯಲ್ಲಿ ಸ್ವದೇಶಿ ಕ್ಷಿಪಣಿಯ ಪರೀಕ್ಷಾ ಹಾರಾಟ ನಿಗದಿಯಾಯಿತು. ಇಪ್ಪತ್ತೆರಡು ವರ್ಷ ಅದನ್ನು ಕಟ್ಟಿದ ಮುಖ್ಯ ವಿನ್ಯಾಸಕಿಗೆ ತಿಂಗಳ ಕೊನೆಗೆ ನಿವೃತ್ತಿ. ಅದು ಹಾರುವುದನ್ನು ನೋಡದೆಯೇ ಮನೆ ಸೇರಬೇಕಾದೀತು ಎಂಬ ಭಯಕ್ಕೆ ಆಕೆಗೆ ಊಟ ಸೇರುತ್ತಿರಲಿಲ್ಲ. ಪಾಸು ಕೇಳಲು ಉಗ್ರಾಣದ ಕಿಟಕಿಗೆ ಹೋದರು. ಒಳಗೆ ಸ್ಟೋರ್‌ಕೀಪರ್, ಅಂದರೆ ಆಕೆಯ ಗಂಡ, ಕನ್ನಡಕ ಒರೆಸುತ್ತ ಕೂತಿದ್ದರು.

"ರೀ, ಕ್ಷಿಪಣಿಗೊಂದು ಪಾಸು ಬರ್ಕೊಡಿ."

"ಎಷ್ಟು ಗಂಟೆಗೆ ವಾಪಸ್ ಬರುತ್ತೆ, ಮೇಡಂ?"

"ಅದೆಲ್ಲಿ ವಾಪಸ್ ಬರುತ್ತೆ? ಸಮುದ್ರದಲ್ಲಿ ಒಂದು ತೆಪ್ಪ ಇಟ್ಟಿದ್ದಾರೆ, ಅದಕ್ಕೆ ಹೊಡೆದು ಚೂರುಚೂರಾಗುತ್ತೆ."

"ಆ ಚೂರುಗಳನ್ನೇ ಐದರೊಳಗೆ ತಂದು ಕೊಡಿ."

"ಮುನ್ನೂರು ಕಿಲೋಮೀಟರ್ ಆಚೆ, ನೀರಿನ ತಳದಲ್ಲಿರುತ್ತೆ ರೀ!"

"ಹಾಗಾದ್ರೆ ಕೆಂಪು ಪಾಸು ಬೇಕು. ಅದು ಇಲ್ಲ."

"ಬೆಳಗ್ಗೆ ನಿಮಗೆ ಡಬ್ಬಿ ಕಟ್ಟಿ ಕೊಟ್ಟಿದ್ದು ಯಾರು?"

"ನನ್ನ ಹೆಂಡತಿ. ಅವಳು ಯಾವತ್ತೂ ನಿಯಮ ಮುರಿಯೋಕೆ ಹೇಳಿದವಳಲ್ಲ."

ಮನುಷ್ಯ ಕೆಟ್ಟವರಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ, ಅಷ್ಟೆ. ಅಂಥವರಿಂದಲೇ ಸಂಸ್ಥೆ ನಡೆಯುತ್ತಿದೆ ಎಂದು ಪ್ರತಿವರ್ಷ ಭಾಷಣವೂ ಆಗುತ್ತದೆ.

ನಿರ್ದೇಶಕರು ಸಭೆ ಕರೆದರು. ನಿಯಮ ತಿದ್ದಬೇಕೋ ಕ್ಷಿಪಣಿ ತಿದ್ದಬೇಕೋ ಎಂದು ಎರಡು ದಿನ ಚರ್ಚೆ ನಡೆಯಿತು. ನಿಯಮ ತಿದ್ದಲು ಹನ್ನೊಂದು ಸಹಿ ಬೇಕು, ಕ್ಷಿಪಣಿಗೆ ಮೂರೇ ಸಾಕು ಎಂದು ತಿಳಿದ ಮೇಲೆ ಯಾರಿಗೂ ಗೊಂದಲ ಉಳಿಯಲಿಲ್ಲ. ವಿನ್ಯಾಸಕಿ ಹಲ್ಲು ಕಚ್ಚಿ ಮೂರು ವಾರ ಕೂತು, ಕ್ಷಿಪಣಿಗೆ ಹೊಸ ದಾರಿ ಕಲಿಸಿದರು: ಹೋಗು, ತೆಪ್ಪವನ್ನು ನೋಡು, ಮುಟ್ಟಬೇಡ, ಬಾ. ಸಿಡಿತಲೆಯ ಜಾಗದಲ್ಲಿ ಪ್ಯಾರಾಚೂಟು ಮಡಚಿ ಇಟ್ಟರು.

ಹಾರಾಟದ ದಿನವೇ ಆಕೆಯ ಕೊನೆಯ ದಿನ. ಮೈಕಿನಲ್ಲಿ ಪ್ರಕಟಣೆಯಾಯಿತು: "ಕ್ಷಿಪಣಿಯು ನಾಲ್ಕಕ್ಕೆ ಹೊರಟು ಐದರೊಳಗೆ ಮರಳತಕ್ಕದ್ದು. ಉಗ್ರಾಣದ ಅಂಗಳದಲ್ಲಿ ಸೈಕಲ್ ನಿಲ್ಲಿಸುವವರು ತಮ್ಮ ಸ್ವಂತ ಧೈರ್ಯದ ಮೇಲೆ ನಿಲ್ಲಿಸತಕ್ಕದ್ದು."

ಹಾರಿತು. ಅದೇನು ಹಾರಾಟವೋ! ನೆಲ ನಡುಗಿತು, ಕಚೇರಿಯ ಕಾಗದಗಳೆಲ್ಲ ಪಾಸಿಲ್ಲದೆ ಗೇಟು ದಾಟಿದವು. ವಿನ್ಯಾಸಕಿ ಚಪ್ಪಲಿ ಬಿಸುಟು ಕುಣಿದರು. ನಿರ್ದೇಶಕರು ಸಿಕ್ಕಿದವರನ್ನು ತಬ್ಬಿಕೊಳ್ಳಲು ಹೋಗಿ ಬೆಂಕಿ ಆರಿಸುವ ಮರಳಿನ ಬಕೆಟನ್ನೂ ತಬ್ಬಿದರು. ಐದಕ್ಕೆ ಎರಡು ನಿಮಿಷವಿರುವಾಗ ಕ್ಷಿಪಣಿ ಉಗ್ರಾಣದ ಬಾಗಿಲಿಗೇ ಬಂದು ಮೆಲ್ಲಗೆ ಇಳಿಯಿತು. ಸ್ಟೋರ್‌ಕೀಪರ್ ಅದನ್ನು ತೂಗಿ ನೋಡಿದರು.

"ಹೋಗುವಾಗ ಇದಕ್ಕಿಂತ ಭಾರ ಇತ್ತಲ್ಲ, ಮೇಡಂ?"

"ಇಂಧನ ಉರಿದುಹೋಯ್ತು ರೀ. ನಡೆದುಕೊಂಡು ಬಂದಿಲ್ಲ ಅದು."

ಅವರು 'ಬಳಸಿದ ಸ್ಥಿತಿಯಲ್ಲಿ ಸ್ವೀಕರಿಸಲಾಗಿದೆ' ಎಂದು ಬರೆದು, ಮೊಹರನ್ನು ತಲೆಕೆಳಗಾಗಿ ಒತ್ತಿದರು. ಹೆಂಡತಿಯ ಮುಖದಲ್ಲಿ ಅಷ್ಟು ಸಂತೋಷವನ್ನು ಅವರು ಮದುವೆಯ ದಿನವೂ ಕಂಡಿರಲಿಲ್ಲ.

ಸೇನೆಯಿಂದ ಬಂದಿದ್ದ ದೊಡ್ಡ ಅಧಿಕಾರಿ ಕ್ಷಿಪಣಿಯ ಸುತ್ತ ಒಂದು ಸುತ್ತು ಹಾಕಿ ಕೇಳಿದರು: "ಎಲ್ಲಾ ಸರಿ. ಯುದ್ಧದಲ್ಲಿ ಇದು ಶತ್ರುವಿಗೆ ಹೊಡೆಯೋದು ಯಾವಾಗ?"

"ಅವರು ಗೇಟಿನ ಒಳಗೆ ಬಂದಾಗ, ಸರ್," ಎಂದರು ಸ್ಟೋರ್‌ಕೀಪರ್. "ಒಳಗೆ ಯಾವ ಪಾಸೂ ಬೇಡ."

ಅಧಿಕಾರಿ ಸಮಾಧಾನಗೊಂಡು ಇಪ್ಪತ್ತನಾಲ್ಕು ಕ್ಷಿಪಣಿಗಳಿಗೆ ಬೇಡಿಕೆ ಸಲ್ಲಿಸಿದರು. ಪರೀಕ್ಷೆ ಪೂರ್ಣ ಯಶಸ್ವಿ ಎಂದು ಸರ್ಕಾರ ಘೋಷಿಸಿತು. ಶತ್ರುದೇಶ ಮನಃಪೂರ್ವಕ ಅಭಿನಂದಿಸಿ, ತನಗೂ ಹನ್ನೆರಡು ಬೇಕೆಂದು ಪತ್ರ ಬರೆಯಿತು.

ಕ್ಷಿಪಣಿ ಹೇಗೂ ವಾಪಸ್ ಬರುತ್ತದಲ್ಲ, ಈಗ ದಿನಾ ನಾಲ್ಕಕ್ಕೆ ಅದನ್ನೇ ಹಾರಿಸುತ್ತಾರೆ. ನಿವೃತ್ತ ವಿನ್ಯಾಸಕಿ ಮನೆಯ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತ ನೋಡುತ್ತಾರೆ. ಕಳೆದ ವಾರ ಅದು ಏಳು ನಿಮಿಷ ತಡವಾಗಿ ಬಂತು. ಸ್ಟೋರ್‌ಕೀಪರ್ ಕಾರಣ ಕೇಳುವ ನೋಟಿಸನ್ನು ಅದರ ರೆಕ್ಕೆಗೆ ಅಂಟಿಸಿ ಮನೆಗೆ ಬಂದರು. ವಿಷಯ ತಿಳಿದು ಹೆಂಡತಿ ಅವರಿಗೆ ನೀರೂ ಕೊಡಲಿಲ್ಲ.

"ಎದುರುಗಾಳಿ ಇತ್ತು ಕಣ್ರೀ. ಪಾಪ, ಅದೇನು ಮಾಡುತ್ತೆ?"

"ಹಾಗಂತ ಅದೇ ಬರೆದು ಕೊಡಲಿ."

ಆಕೆ ಒಳಗೆ ಹೋಗಿ ಕಾಗದ ತಂದು, ಎದುರುಗಾಳಿಯ ಕಾರಣ ತಡವಾಯಿತು, ಇನ್ನು ಮುಂದೆ ಹೀಗಾಗದಂತೆ ನಡೆದುಕೊಳ್ಳುತ್ತೇನೆ ಎಂದು ಬರೆದು, ಕೆಳಗೆ 'ಕ್ಷಿಪಣಿಯ ಪರವಾಗಿ, ತಾಯಿ' ಎಂದು ಸಹಿ ಹಾಕಿದರು. ಗಂಡ ಅದನ್ನು ಎರಡು ಸಲ ಓದಿ, ಮಡಚಿ ಜೇಬಿನಲ್ಲಿಟ್ಟುಕೊಂಡರು. ಮರುದಿನ ವಿವರಣೆ ತೃಪ್ತಿಕರವೆಂದು ಒಪ್ಪಿ, ಕ್ಷಿಪಣಿಗೆ ಎಚ್ಚರಿಕೆ ನೀಡಿ ಬಿಡಲಾಯಿತು.