ತಲೆಕಟ್ಟು ಬದಲಾದ ಕಾದಂಬರಿ

ನರಹರಿಯ ಕಾದಂಬರಿಯನ್ನು ಬೆಂಗಳೂರಿನ ಯಾವ ಪ್ರಕಾಶಕರೂ ಓದಿ ಬೇಡವೆಂದಿರಲಿಲ್ಲ. ಓದುವ ಮುನ್ನವೇ ಹಿಂದಕ್ಕೆ ಕಳುಹಿಸಿದ್ದರು. ಹಸ್ತಪ್ರತಿಗೆ ಹೈದರಾಬಾದಿನ ಬಾಲಾನಗರದ ದಾರಿ ಎಷ್ಟು ರೂಢಿಯಾಗಿತ್ತೆಂದರೆ, ಪೋಸ್ಟ್‌ಮ್ಯಾನ್ ರಜೆ ಹಾಕಿದರೂ ಅದು ತಾನೇ ನಡೆದು ಮನೆ ಸೇರುವಂತಿತ್ತು. ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದ ಬಿಡಿಭಾಗವನ್ನೂ ತಿರಸ್ಕರಿಸುವ ಇನ್‌ಸ್ಪೆಕ್ಟರ್ ಆತ. ತಾನೇ ತಿರಸ್ಕೃತನಾಗುವುದು ಅವನಿಗೆ ಹೊಸ ಅನುಭವ.

'ಮೌನಿಯ ಮಹಾಸಂಸಾರ' ಎಂಬ ಆ ಮಹಾಕೃತಿಯಲ್ಲಿ ಸಾಧುವಾದ ಗಂಡನೊಬ್ಬನಿದ್ದ. ಅವನನ್ನು ಹುರಿದು ಮುಕ್ಕುವ ಕರ್ಕಶಾದೇವಿ ಎಂಬ ಹೆಂಡತಿಯಿದ್ದಳು. (ಇವರಿಬ್ಬರೂ ಯಾರೆಂದು ಬಿಡಿಸಿ ಹೇಳಬೇಕಿಲ್ಲ.) ಮನೆಯಲ್ಲೇ ಕೂತು ಇಷ್ಟು ಧೈರ್ಯವಾಗಿ ಬರೆಯಲು ಕಾರಣವಿತ್ತು. ಹೆಂಡತಿ ನೀಲಾ ಹೈದರಾಬಾದಿನಲ್ಲೇ ಹುಟ್ಟಿ, ತೆಲುಗು ಮೀಡಿಯಂನಲ್ಲಿ ಓದಿದವಳು. ಕನ್ನಡ ಅವಳ ಮನೆಮಾತು. ಜಗಳಕ್ಕಂತೂ ಬೇರೆ ಭಾಷೆ ಮುಟ್ಟುತ್ತಿರಲಿಲ್ಲ. ಆದರೆ ಕನ್ನಡ ಅಕ್ಷರ ಓದಲು ಬಾರದು. ಅವಳು ಕೇಳಿದಾಗೆಲ್ಲ ನರಹರಿಯೇ ಓದಿ ಹೇಳುತ್ತಿದ್ದ, ಕರ್ಕಶಾದೇವಿ ಎದುರಾದಲ್ಲೆಲ್ಲ ಥಟ್ಟನೆ 'ಕರುಣಾದೇವಿ' ಎಂದು ತಿರುಗಿಸಿಕೊಂಡು. ನೀಲಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಇಷ್ಟು ಛಂದ ಬರ್ದೀರಿ, ಆ ಮಂದಿಗೆ ಕಣ್ಣ ಇಲ್ಲೇನ್ರಿ? ನಾವಾ ಅಚ್ಚ ಹಾಕ್ಸೋಣು!" ಎಂದು ಹಟ ಹಿಡಿದವಳೂ ಅವಳೇ.

ಅಮೀರ್‌ಪೇಟ್‌ನಲ್ಲಿ ಮೆಟ್ಟಿಲಿಗೊಂದರಂತೆ ಜಾವಾ ಕಲಿಸುವ ಬೋರ್ಡುಗಳು ತೂಗುತ್ತಿದ್ದ ಕಾಲ ಅದು. ಅಲ್ಲಿನ ಒಂದು ಡಿಟಿಪಿ ಅಂಗಡಿಯಲ್ಲಿ ಕನ್ನಡ ಬಲ್ಲ ರವಿಕಿರಣ ಸಿಕ್ಕ. ನರಹರಿ ಕರಡು ತಿದ್ದಿದ ಅಬ್ಬರಕ್ಕೆ ಅಲ್ಪವಿರಾಮಗಳೆಲ್ಲ ಅಟೆನ್ಶನ್‌ನಲ್ಲಿ ನಿಂತವು.

"ಸರ್, ಈ 'ಆದರೆ' ಇಡ್ಲೋ, ತಗೀಲೋ? ಮುಂಜಾನಿಂದ ಅದನ್ನಾ ಇಟ್ಟು ತಗದು, ತಗದು ಇಟ್ಟು ಮಾಡಾಕತ್ತೀನಿ" ಎಂದು ರವಿಕಿರಣ ಗೋಳಿಟ್ಟ. ಅಂತೂ ಒಂದು ದಿನ ಪುಸ್ತಕ ನಿರ್ದೋಷವಾಯಿತು. ಮರುದಿನವೇ ರವಿಕಿರಣನಿಗೆ ಕೊಂಡಾಪುರದಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿ, ಅವನು ಅಂಗಡಿ ಬಿಟ್ಟ. ಪುಸ್ತಕವನ್ನು ಪ್ರೆಸ್ಸಿಗೆ ಕಳುಹಿಸುವ ಹೊಣೆ ಬರೀ ತೆಲುಗು ಬಲ್ಲ ಮಾಲೀಕನ ಮೇಲೆ ಬಿತ್ತು.

ಬಿಡುಗಡೆಯ ದಿನ ಪುಸ್ತಕದ ಕಟ್ಟುಗಳು ಪ್ರೆಸ್ಸಿನಿಂದ ನೇರ ಸಭಾಂಗಣಕ್ಕೇ ಬಂದವು. ಮುಖ್ಯ ಅತಿಥಿ, ನಿವೃತ್ತ ಮ್ಯಾನೇಜರ್ ಶಾಂತಪ್ಪ, ರಿಬ್ಬನ್ ಬಿಚ್ಚಿ ಪುಸ್ತಕ ತೆರೆದರು. ಕನ್ನಡಕ ಒರೆಸಿಕೊಂಡರು. ಪುಸ್ತಕವನ್ನು ಉಲ್ಟಾ ಹಿಡಿದು ನೋಡಿದರು. "ನರಹರಿಯವರ ಶೈಲಿ," ಎಂದು ಕೆಮ್ಮಿ, "ಭಾಳ ಗೂಢ ಐತಿ" ಎಂದರು.

ನರಹರಿ ಕಿತ್ತುಕೊಂಡು ನೋಡಿದ. ಮಾತೆಲ್ಲ ಕನ್ನಡ, ಅಕ್ಷರವೆಲ್ಲ ತೆಲುಗು!

ಅಂಗಡಿಯ ಮಾಲೀಕ ಹಲ್ಲು ಕಿರಿಯುತ್ತ ಮುಂದೆ ಬಂದ. "ಫಾಂಟ್ ಖರಾಬ್ ಅಯ್ಯಿಂದಿ ಸಾರ್. ನೇನೇ ಸರಿ ಚೇಶಾನು!" ಕನ್ನಡ ಅಕ್ಷರಗಳನ್ನು ಕೆಟ್ಟುಹೋದ ತೆಲುಗೆಂದು ತಿಳಿದು, ಒಂದೇ ಒಂದು ಬಟನ್ ಒತ್ತಿ ಅವನು ಇಡೀ ಕನ್ನಡವನ್ನು ರಿಪೇರಿ ಮಾಡಿದ್ದ.

ಅರ್ಥವಾಗುವವರಿಗೆ ಓದಲು ಬಾರದು, ಓದಬಲ್ಲವರಿಗೆ ಅರ್ಥವಾಗದು. ಭೂಮಂಡಲದಲ್ಲಿ ಓದುಗರೇ ಇಲ್ಲದ ಪುಸ್ತಕ ಬರೆದೆನಲ್ಲ ಎಂದು ನರಹರಿ ತಲೆಯ ಮೇಲೆ ಕೈಹೊತ್ತು ಕೂತ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಕೂಗು ಕೇಳಿತು.

"ಅಯ್ಯ! ನನಗ ಓದಾಕ ಬರ್ತೈತ್ರಿ!"

ನೀಲಾ ಹಿಗ್ಗಿನಿಂದ ವೇದಿಕೆ ಹತ್ತಿ, ಅವನು ಅಡ್ಡ ಬರುವಷ್ಟರಲ್ಲಿ ಮೈಕ್ ಹಿಡಿದಳು. "'ಕರ್ಕಶಾದೇವಿಯ ಗೊರಕೆಗೆ ಬಾಲಾನಗರದ ಲೇತ್ ಮಶೀನುಗಳೇ ನಾಚಿ ನಿಂತವು...'" ಅವಳ ದನಿ ಇಳಿಯಿತು. "ಕರ್ಕಶಾ? ಕರುಣಾದೇವಿ ಎಲ್ಲಿ ಹೋದಳ್ರಿ?"

"ಮುದ್ರಣದೋಷ, ನೀಲಾ."

"ಗೊರಕಿನೂ ಮುದ್ರಣದೋಷೇನ್ರಿ?" ಸಭೆ ಗೊಳ್ಳೆಂದಿತು. ನೀಲಾ ನಗಲಿಲ್ಲ. "ಹಂಗಾರ ನಾ ಕಣ್ಣೀರ ಹಾಕ್ಕೊಂಡು ಕೇಳಿದ್ದು ಯಾರ ಕತಿ?"

ಇಡೀ ಕಾದಂಬರಿ ಬರೆದವನು ಕೈಚಾಚಿ ಮೈಕಿನ ಸ್ವಿಚ್ ಆರಿಸಿದ.

ಅಂದಿನಿಂದ ನೀಲಾ ಮಾತು ಬಿಟ್ಟಳು. ಪುಸ್ತಕ ಮಾತ್ರ ಭರ್ಜರಿಯಾಗಿ ಖರ್ಚಾಯಿತು. ಹೈದರಾಬಾದಿನಲ್ಲಿದ್ದ ಅವಳ ತವರಿನ ಬಳಗವೆಲ್ಲ ಕನ್ನಡ ಮಾತಾಡಿ ತೆಲುಗು ಓದುವ ಮಂದಿಯೇ. ಒಂದು ಪ್ರತಿಯೂ ಉಳಿಯಲಿಲ್ಲ.

ವಾರ ಕಳೆಯುವುದರೊಳಗೆ ಅತ್ತೆ ಪಾರ್ವತೆಮ್ಮ ಬ್ಯಾಗು ಹಿಡಿದು, ಪುಸ್ತಕ ಕಂಕುಳಲ್ಲಿಟ್ಟು, ಮುಖ ಊದಿಸಿಕೊಂಡು ಬಂದಿಳಿದರು. ನರಹರಿ ಕಾಲಿಗೆ ಬೀಳಲು ಬಗ್ಗಿದ. "ತಪ್ಪಾತ್ರಿ ಅತ್ತಿ..."

"ತಪ್ಪಾಗಲಾರದ ಏನ? ಮಗಳ ಮ್ಯಾಲ ಪುಟಗಟ್ಲೆ ಬರ್ದೀರಿ. ಇಷ್ಟ ವರ್ಷ ನಿಮ್ಮ ಜೀವಾ ತಿಂದಾಕಿ ನಾನು! ಒಂದ ಸಾಲಿನ್ಯಾಗರ ನನ್ನ ಹೆಸರ ಐತೇನ್ರಿ?" ಪಾರ್ವತೆಮ್ಮ ಸೆರಗಿನಿಂದ ಮೂಗೊರೆಸಿಕೊಂಡರು.

ನೀಲಾ ಬಂದು ಬ್ಯಾಗು ಒಳಗೊಯ್ದಳು. ಸಭೆಯ ನಂತರ ಅವಳು ಆಡಿದ ಮೊದಲ ಮಾತು: "ಅಳಬ್ಯಾಡ ಬಿಡವ್ವ, ಎರಡನೇ ಭಾಗ ಬರೀತಾರ. ಸೀದಾ ತೆಲುಗು ಅಕ್ಷರದಾಗ ಬರೀಲಿ, ಕರಡು ನಾ ತಿದ್ದತೀನಿ."

ಈಗ ನರಹರಿ ಡ್ಯೂಟಿ ಮುಗಿಸಿ ಬಂದು, ಕೈಕಾಲು ತೊಳೆದು, ಸ್ಲೇಟು ಹಿಡಿದು ಕೂರುತ್ತಾನೆ. ಪಾಠ ಹೇಳುವವರು ಪಾರ್ವತೆಮ್ಮ.

"ಅ ಅಂದ್ರ?"

"ಅತ್ತಿ."

"ಜೋರಾಗಿ ಹೇಳ್ರಿ!"