ಮಾವ ಬೆನ್ನು ಕೊಟ್ಟ ಗೋಡೆ

ಬ್ಯಾಡಗಿಯಲ್ಲಿ ಸೀನದೆ ನಿದ್ದೆ ಮಾಡಬಲ್ಲ ಮನುಷ್ಯ ಒಬ್ಬನೇ ಒಬ್ಬನಿದ್ದರೆ ಆತ ನಮ್ಮ ಸೋದರಮಾವ! ಮೆಣಸಿನಕಾಯಿ ಪೇಟೆಗೆ ಬಂದ ಹೊಸಬರು ಮೂಗಿಗೆ ಕರ್ಚೀಫು ಹಿಡಿದು ಕಣ್ಣೀರು ಸುರಿಸುತ್ತಿದ್ದರೆ, ಈತ ರಾಶಿಯ ಪಕ್ಕ ಖಾಲಿ ಚೀಲ ಹಾಸಿಕೊಂಡು ಕನಸು ಕಾಣುತ್ತಿದ್ದ. ಒಂದು ಮುಷ್ಟಿ ಕಾಯಿ ಮೂಗಿನ ಹತ್ತಿರ ಹಿಡಿದರೆ ಸಾಕು, ಕಣ್ಣು ತೆರೆಯದೆ, "ಕರ್ಜಗಿ ಕಡೀದು" ಅನ್ನುತ್ತಿದ್ದ.

ಆತನದೊಂದು ವ್ರತವಿತ್ತು. ಎಂಥ ಹಾಳು ರಾಶಿಯನ್ನೂ ಕೆಟ್ಟದ್ದು ಅನ್ನುವಂತಿಲ್ಲ. ಬೂಸ್ಟು ಹಿಡಿದಿದ್ದರೂ, "ಇವತ್ತ ಇದರ ಮನಸ್ಸು ಸರಿ ಇಲ್ಲ" ಅಷ್ಟೇ! ಯಾಕೆಂದು ಕೇಳಿದರೆ, "ಒಬ್ಬ ಮೂಗು ಮುರದ್ರ ಹತ್ತು ಮಂದಿ ಮುರೀತಾರ. ಪಾಪ, ರಾಶಿ ಏನ್ ಮಾಡೀತು?"

ಪೇಟೆಯ ಕೆಲಸ ಬಿಟ್ಟ ಮೇಲೆ, ಈ ಎರಡು ವರ್ಷದಿಂದ, ಆತನ ಮಧ್ಯಾಹ್ನಗಳೆಲ್ಲ ಊರಾಚೆಯ ಬಣ್ಣದ ಫ್ಯಾಕ್ಟರಿಯ ಗೋಡೆಗೆ ಮೀಸಲು. ಅಲ್ಲಿ ಮೆಣಸಿನಕಾಯಿಯಿಂದ ಬಣ್ಣ ತೆಗೆಯುತ್ತಾರೆ. ಬೇವಿನ ನೆರಳಲ್ಲಿ ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ಕೂತರೆ ಮುಗಿಯಿತು. ಗಾಳಿ ಸೇವನೆಗೆ ಯಾರಾದರೂ ಘಾಟು ಹುಡುಕಿಕೊಂಡು ಹೋಗುತ್ತಾರೆಯೇ?

ಮೊನ್ನೆ ಹಾವೇರಿಯಿಂದ ಹೋದವನು ನಾನೂ ಪಕ್ಕದಲ್ಲಿ ಕೂತೆ. ಮೊಬೈಲಿನಲ್ಲಿ ಷೇರು ನೋಡುತ್ತ ನನ್ನ ಹೊಸ ವಿದ್ಯೆ ಪ್ರದರ್ಶಿಸಿದೆ. "ಮಾವಾ, ನಮ್ಮ ಹತ್ರ ಇಲ್ಲದ ಷೇರು ಮೊದಲ ಮಾರೂದು. ದರ ಇಳದ ಮ್ಯಾಲೆ ತಗೊಂಡು ತುಂಬಿ ಕೊಡೂದು. ನಡುವಿನದು ಲಾಭ!"

"ಇಲ್ಲದ ಮಾಲು ಮಾರೂದಾ? ನಮ್ಮ ಪ್ಯಾಟ್ಯಾಗ ಹಂಗ ಮಾಡಿದ್ರ ಹಮಾಲರು ನಿನ್ನನ್ನ ಚೀಲದಾಗ ತುಂಬ್ತಾರ!"

ಅಂದು ಒಂದು ಷೇರನ್ನು ದೊಡ್ಡ ಕುಳಗಳೆಲ್ಲ ಹೀಗೆ ಮಾರುತ್ತಿದ್ದರು. ನಾನೂ ಹತ್ತು ಮಾರಿ ತೋರಿಸಿದೆ. ದರ ಜಾರತೊಡಗಿತು. ಅದನ್ನು ಕಂಡು, ನಿಜವಾಗಿ ಷೇರು ಇಟ್ಟುಕೊಂಡವರೂ ಗಾಬರಿಯಾಗಿ ಮಾರಿದರು. ಮತ್ತಷ್ಟು ಜಾರಿತು.

"ತಿಳೀತು ಬಿಡು, ಮೂಗು ಮುರಿಯೂ ಧಂದೆ," ಎಂದು ಮಾವ ಆಕಳಿಸಿದ. "ಯಾವ ಕಂಪನಿ ಅದು?"

"ಇದ ಮಾವಾ, ನೀ ಬೆನ್ನ ಕೊಟ್ಟು ಕುಂತದ್ದು!"

ಮಾವನ ನಿದ್ದೆ ಹಾರಿಹೋಯಿತು. "ತಿರುಗಿ ತಗೋ! ಲಗೂ! ಫ್ಯಾಕ್ಟರಿ ಮುಚ್ಚಸ್ತೀ ಏನು?"

ನಾನು ಮಾರಿದ ಹತ್ತು ಷೇರಿಗೆ ಫ್ಯಾಕ್ಟರಿ ಮುಚ್ಚುವುದಿಲ್ಲ, ಷೇರು ಇಳಿದರೂ ಒಳಗೆ ಕೆಲಸ ನಡೆದೇ ಇರುತ್ತದೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕೊಂಡೆ. ಇಲ್ಲದ್ದನ್ನು ಮಾರಿದ ಕುಳಗಳೆಲ್ಲ ತುಂಬಿ ಕೊಡಲೆಂದು ಆ ಹೊತ್ತಿಗೆ ಕೊಳ್ಳಲು ಓಡಿ ಬಂದಿದ್ದರಿಂದ ದರ ತುಸು ಮೇಲೆದ್ದಿತು.

"ನೋಡಿದ್ಯಾ? ನಾವು ತಗೊಂಡ ಕೂಡ್ಲೆ ಏರ್ತು!" ಮಾವ ಗೆದ್ದವನಂತೆ ಮತ್ತೆ ಗೋಡೆಗೆ ಒರಗಿದ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಹೇಳಿದ. "ನಿಮ್ಮತ್ತಿ ಇಪ್ಪತ್ತು ವರ್ಷ ಇದರೊಳಗ ಕುಂತು ಕಾಯಿ ತೊಟ್ಟು ಬಿಡಿಸ್ಯಾಳ. ಸಂಜೀಕ ಮನಿಗೆ ಬಂದ್ರ ಸೆರಗಿನ ತುಂಬ ಇದ ಘಾಟು. ಸೀರಿ ಇನ್ನೂ ಟ್ರಂಕಿನ್ಯಾಗ ಅದಾವ. ಘಾಟು ಹೋಗೇತಿ, ಅಳಿಯಾ. ಇದೂ ಮುಚ್ಚಿದ್ರ ನಾ ಎಲ್ಲಿ ಹೋಗ್ಲಿ?"

ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು. ನನಗೆ ಈಗ ಹೊಳೆಯಿತು, ದಡ್ಡನಿಗೆ!

"ಇನ್ನೊಂದು ಷೇರು ತಗೋ," ಎಂದ. "ಆಕಿ ಹೆಸರಲೆ."

ತೀರಿಕೊಂಡವರ ಹೆಸರಿನಲ್ಲಿ ಷೇರು ಕೊಳ್ಳಲು ಬರುವುದಿಲ್ಲ; ನನ್ನ ಹೆಸರಿನಲ್ಲೇ ಒಂದು ತಗೊಂಡೆ. ಮಾವ ಉದ್ದಕ್ಕೆ ಉಸಿರೆಳೆದುಕೊಂಡು ಕಣ್ಣು ಮುಚ್ಚಿದ. ಅದೇ ಗಾಳಿಗೆ ನನಗೆ ಸೀನು ಬಂತು. ಮೂಗು ಒತ್ತಿ ಹಿಡಿದುಕೊಂಡೆ. ಆತನನ್ನು ಎಬ್ಬಿಸಲು ಮನಸ್ಸಾಗಲಿಲ್ಲ.