ಒಂದು ತಾಸಿನಲ್ಲಿ ಒಂದು ತಿಂಗಳು

ಇಷ್ಟಕ್ಕೆಲ್ಲ ಕಾರಣ ಹುಣಸೆಬೀಜದಷ್ಟಿದ್ದ ಒಂದು ಕ್ರಿಸ್ಟಲ್. ಮರಾಠಿ ಸೀಮೆಯ ಬಿಬವೇವಾಡಿಯ ಒಂದು ಪುಟ್ಟ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಸಾಮಾನು ತರುವ ಜಟ್ಟೆಪ್ಪನಿಗೆ ಅಂಗಡಿಯಲ್ಲಿ ಎಂದಿನದು ಸಿಗಲಿಲ್ಲ. ಅದರ ಪಕ್ಕದ್ದನ್ನು ತಂದ. ನೋಡಲು ಎರಡೂ ಅವಳಿಜವಳಿ. ಅದನ್ನು ಬೆಸುಗೆ ಹಾಕಿ ಕೂರಿಸಿದ ಹೊಸ ಹಾಜರಿ ಯಂತ್ರಕ್ಕೆ ಬುಧವಾರ ಸಂಜೆ ಎಂಟಕ್ಕೆ ಸಮಯ ಹೊಂದಿಸಿ, ಬಾಗಿಲ ಪಕ್ಕ ತೂಗುಹಾಕಿ ಎಲ್ಲರೂ ಮನೆಗೆ ಹೋದರು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಬಂದು ಕಾರ್ಡು ತೋರಿಸಿದ ಹದಿನಾಲ್ಕು ಜನಕ್ಕೂ ಯಂತ್ರ ಒಂದೇ ಉತ್ತರ ಕೊಟ್ಟಿತು: 'ಹತ್ತು ಗಂಟೆ ಐದು ನಿಮಿಷ. ಅರ್ಧ ದಿನ ರಜೆ.'

ಯಂತ್ರದ ಪ್ರೋಗ್ರಾಮ್ ಬರೆದ ಪ್ರಲ್ಹಾದ ತುಸು ತಡವಾಗಿ ಬಂದ. ಬಾಗಿಲಲ್ಲಿ ಸೀಮೆಎಣ್ಣೆ ಮುಗಿದ ರೇಷನ್ ಅಂಗಡಿಯಷ್ಟು ಗದ್ದಲ.

"ಪ್ರಲ್ಹಾದರ, ನಿಮ್ಮ ಡಬ್ಬಿ ನನ್ನ ಅರ್ಧಾ ದಿವಸ ನುಂಗೇದ," ಎಂದಳು ಕಚೇರಿಯ ಕಾಗದಪತ್ರ ನೋಡಿಕೊಳ್ಳುವ ನೀತಾ.

ಮಾಲೀಕರಾದ ಅಪ್ಪಾಸಾಹೇಬರು ಅವನನ್ನು ಪಕ್ಕಕ್ಕೆ ಕರೆದರು. "ನಾಲ್ಕಕ್ಕ ರಾಂಜಣಗಾಂವದ ಕಾರ್ಖಾನಿಯಿಂದ ಹರಿಶ್ಚಂದ್ರ ಸಾಹೇಬ್ರು ಬರ್ತಾರ. ನಲವತ್ತ ಮಷಿನ್ ಬೇಕಂತ ಅವರಿಗೆ. ಅವರ ಮುಂದ ಇದು ಹಿಂಗ ಓಡಿದ್ರ, ಈ ಧಂದೇನ ಮುಚ್ಚಿ ಮತ್ತ ಸ್ಟೆಬಿಲೈಜರ್ ಮಾಡ್ಕೋತ ಕೂಡೂದು, ನೋಡ."

ಪ್ರಲ್ಹಾದ ಯಂತ್ರವನ್ನು ಗೋಡೆಯಿಂದ ಇಳಿಸಿ, ಜ್ವರ ಬಂದ ಮಗುವಿನಂತೆ ಎತ್ತಿಕೊಂಡು ಹೋಗಿ ಮೇಜಿನ ಮೇಲೆ ಮಲಗಿಸಿದ. ಹಿಂದೆಯೇ ಇಡೀ ಕಚೇರಿ ಬಂದು ನಿಂತಿತು.

"ಸೆಲ್ ಮುಗದಿರ್ಬೇಕ್ರಿ," ಎಂದ ಜಟ್ಟೆಪ್ಪ.

"ಸೆಲ್ ಮುಗದ್ರ ಕುಂಟತದ, ಓಡೂದಿಲ್ಲ," ಎಂದ ಪ್ರಲ್ಹಾದ.

"ನಮ್ಮ ಟೀವಿಗೆ ಹಿಂದ ಒಂದ ಬಾರಿಸಿದ್ರ ಸರಿ ಹೋಗ್ತದ," ಎಂದಳು ನೀತಾ. ಪ್ರಲ್ಹಾದ ಯಂತ್ರವನ್ನು ತನ್ನ ಕಡೆಗೆ ಎಳೆದುಕೊಂಡ.

ಹದಿಮೂರು ತಾಸಿಗೆ ಅರವತ್ತೈದು ನಿಮಿಷ ಮುಂದೆ. ಅಂದರೆ ತಾಸಿಗೆ ಐದು. ಅವನು ಭೂತಗನ್ನಡಿ ಹಿಡಿದು ಕ್ರಿಸ್ಟಲಿನ ಮೇಲಿನ ಅಂಕಿ ಓದಿದ. ಕಾರಣ ಸಿಕ್ಕಿತು. ಕ್ರಿಸ್ಟಲ್ ಮಿಡಿಯುತ್ತದೆ, ಟೈಮರ್ ಡ್ರೈವರ್ ಎಂಬ ಪ್ರೋಗ್ರಾಮಿನ ತುಣುಕು ಆ ಮಿಡಿತಗಳನ್ನು ಎಣಿಸಿ ಗಡಿಯಾರ ನಡೆಸುತ್ತದೆ. ಒಂದು ಕೋಟಿ ಹತ್ತು ಲಕ್ಷ ಐವತ್ತೊಂಬತ್ತು ಸಾವಿರದ ಇನ್ನೂರು ಮಿಡಿತಕ್ಕೆ ಒಂದು ಸೆಕೆಂಡ್ ಎಂದು ಅವನು ಬರೆದಿಟ್ಟಿದ್ದ. ಜಟ್ಟೆಪ್ಪ ತಂದದ್ದು ಒಂದು ಕೋಟಿ ಇಪ್ಪತ್ತು ಲಕ್ಷದ ಜಾತಿ.

"ಬರೇ ಒಂಬತ್ತ ಲಕ್ಷದ ಫರಕಿಗೆ ಇಷ್ಟ ಗದ್ಲಾ?" ಎಂದ ಜಟ್ಟೆಪ್ಪ.

ಹೊಸ ಸಂಖ್ಯೆ ಬರೆಯುವುದು ಒಂದು ನಿಮಿಷದ ಕೆಲಸ. ಆದರೆ ಹದಿನಾಲ್ಕು ಜನರ ಉಸಿರು ಕುತ್ತಿಗೆಗೆ ತಾಗುತ್ತಿರುವಾಗ ಪ್ರಲ್ಹಾದ ಒಂದು ಸೊನ್ನೆ ಕಡಿಮೆ ಒತ್ತಿದ. ಹನ್ನೊಂದಕ್ಕೆ ಚಾಲೂ ಮಾಡಿದ ಯಂತ್ರ ಹತ್ತು ಪಟ್ಟು ಓಡಿತು. ಹನ್ನೆರಡೇ ನಿಮಿಷಕ್ಕೆ ಊಟದ ಗಂಟೆ ಬಾರಿಸಿತು. ಎಲ್ಲರೂ ಡಬ್ಬಿ ಬಿಚ್ಚಿದರು. ಡಬ್ಬಿ ತೊಳೆದಿಡುವಷ್ಟರಲ್ಲಿ ಮನೆಗೆ ಹೋಗುವ ಗಂಟೆಯೂ ಆಯಿತು.

"ಇದನ್ನ ಹಿಂಗ ಇಡ್ರಿ, ಭಾಳ ಛಲೋ ಅದ," ಎಂದರು ಒಬ್ಬರು. ಅಪ್ಪಾಸಾಹೇಬರು ನೋಡಿದ ನೋಟಕ್ಕೆ ಎಲ್ಲರೂ ತಂತಮ್ಮ ಕುರ್ಚಿ ಸೇರಿದರು.

ಪ್ರಲ್ಹಾದ ಬಿಟ್ಟ ಸೊನ್ನೆಯನ್ನು ಸೇರಿಸಿದ. ಗಡಿಯಾರ ಸರಿಯಾಯಿತು ಅನ್ನಿಸಿತು. ಆದರೆ ತಿಂಗಳಿಗೆ ಎರಡು ನಿಮಿಷ ತಪ್ಪಿದರೂ ಕಾರ್ಖಾನೆಯವರು ಸುಮ್ಮನಿರುವುದಿಲ್ಲ. ಪರೀಕ್ಷೆ ಮಾಡಲು ತಿಂಗಳೆಲ್ಲಿದೆ? ಆಗ ಅವನಿಗೆ ಬೆಳಗಿನ ತಪ್ಪಿನಿಂದಲೇ ಉಪಾಯ ಹೊಳೆಯಿತು. ತಾರೀಖನ್ನು ಮೂವತ್ತು ದಿನ ಹಿಂದಕ್ಕೆ ಸರಿಸಿ, ಐದು ಸೆಕೆಂಡಿಗೆ ಒಂದು ತಾಸು ನಡೆಯುವಂತೆ ಬೇಕೆಂದೇ ಓಡಿಸಿದ. ಒಂದೇ ತಾಸಿಗೆ ಯಂತ್ರ ಇವತ್ತಿಗೆ ಬಂದು ಮುಟ್ಟಬೇಕು.

ಎರಡಕ್ಕೆ ಶುರುವಾಯಿತು. ನೀತಾ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟಳು. ಮೂರಕ್ಕೆ ಹತ್ತು ಸೆಕೆಂಡ್ ಇರುವಾಗ ಎಲ್ಲರೂ ಮೇಜಿನ ಮೇಲೆ ಬಗ್ಗಿದರು. ಮೂರು ಹೊಡೆಯಿತು. ಯಂತ್ರ ಇವತ್ತಿನ ತಾರೀಖಿಗೆ ಬಂದು ನಿಂತಿತು, ಒಂದು ನಿಮಿಷವೂ ಅತ್ತಿತ್ತ ಇಲ್ಲದೆ. ಅಪ್ಪಾಸಾಹೇಬರು ಪ್ರಲ್ಹಾದನ ಬೆನ್ನು ತಟ್ಟಿ ಎಲ್ಲರಿಗೂ ತಿನ್ನಲು ಗರಿಗರಿ ಬಾಕರವಡಿ ತರಿಸಿದರು. ಅವನು ವೇಗವನ್ನು ಮಾಮೂಲಿಗೆ ತಂದು, ಸಮಯ ಹೊಂದಿಸಿ, ಯಂತ್ರವನ್ನು ಮತ್ತೆ ಗೋಡೆಗೇರಿಸಿದ. ಧಾರವಾಡದಲ್ಲಿ ಎಂಜಿನಿಯರಿಂಗ್ ಪಾಸಾದ ದಿನವೂ ಅವನ ಎದೆ ಅಷ್ಟು ಉಬ್ಬಿರಲಿಲ್ಲ.

ನಾಲ್ಕಕ್ಕೆ ಹರಿಶ್ಚಂದ್ರ ಸಾಹೇಬರು ಬಂದರು. ನಿಪ್ಪಾಣಿ ಕಡೆಯವರು, ಕನ್ನಡ ಸಲೀಸು. ತಮ್ಮ ಗಡಿಯಾರ ಹಿಡಿದು ಕಾಲು ತಾಸು ಯಂತ್ರದ ಮುಂದೆ ನಿಂತರು.

"ಟೈಮ್ ಬರೋಬರ್ ಅದ. ಈಗ ಹಾಜರಿ ತೋರಸ್ರಿ."

ನೀತಾ ಗುಂಡಿ ಒತ್ತಿದಳು. ಪ್ರಿಂಟರಿನಿಂದ ಕಾಗದ ಹೊರಬಂತು, ಬರುತ್ತಲೇ ಇತ್ತು. ತಿಂಗಳನ್ನು ಓಡಿಸುವಾಗ ಹಾಜರಿ ಬರೆಯುವ ಭಾಗವನ್ನು ನಿಲ್ಲಿಸಲು ಪ್ರಲ್ಹಾದ ಮರೆತಿದ್ದ. ಬೆಳಿಗ್ಗೆ ಒಳಬಂದವರು ಹೊರಗೆ ಹೋಗಿರಲಿಲ್ಲವಲ್ಲ, ಯಂತ್ರ ಅವರನ್ನೆಲ್ಲ ಮೂವತ್ತು ದಿನ ಹಗಲಿರುಳು ಕೆಲಸದಲ್ಲಿಟ್ಟಿತ್ತು.

"ಇದನ್ನ ನಮ್ಮ ಅತ್ತಿಯವರಿಗೆ ತೋರಿಸಬ್ಯಾಡ್ರಿ," ಎಂದಳು ನೀತಾ.

ಬೆಳಗಿನ ಗದ್ದಲದಲ್ಲಿ ಪ್ರಲ್ಹಾದನೊಬ್ಬ ಮಾತ್ರ ಕಾರ್ಡು ತೋರಿಸಿರಲಿಲ್ಲ. ಅವನ ಹೆಸರಿನ ಮುಂದೆ ಮೂವತ್ತು ಗೈರುಹಾಜರಿ. ಕೆಳಗೆ ಒಂದು ಸಾಲು: 'ಕೆಲಸ ಬಿಟ್ಟಿದ್ದಾರೆ. ಹೆಸರು ತೆಗೆಯಲಾಗಿದೆ.'

ಪ್ರಲ್ಹಾದ ನಡೆದದ್ದನ್ನು ನಡೆದಂತೆ ಹೇಳಿಬಿಟ್ಟ. ಹರಿಶ್ಚಂದ್ರ ಸಾಹೇಬರು ಬೆರಳಿಟ್ಟು ಸಾಲು ಎಣಿಸಿದರು. ಸರಿಯಾಗಿ ಮೂವತ್ತು.

"ಈ ಮಷಿನ್ ಮಾಡಿದವ್ರು ನೀವೇನು?"

"ಹೌದ್ರಿ."

"ನಿಮ್ಮನ್ನೂ ಬಿಟ್ಟಿಲ್ಲ ಇದು." ಅವರು ಹೊಟ್ಟೆ ಕುಣಿಸಿಕೊಂಡು ನಕ್ಕರು. "ನಮ್ಮಲ್ಲೆ ಹಾಜರಿ ಪುಸ್ತಕದಾಗ ಕಂಡ ಕಂಡವರು ತಿದ್ದತಾರ. ಇದರಾಗಿಂದು ಅಳಸಾಕ ಬರ್ತದೇನ್ರಿ?"

"ನಾ ಮಾಲಕ ಅದೀನಿ. ನನ್ನಿಂದನೂ ಆಗೂದಿಲ್ಲ," ಎಂದರು ಅಪ್ಪಾಸಾಹೇಬರು. "ಇದು ನನ್ನ ಮಾತು."

"ಹಂಗಾರ ನಲವತ್ತ ಬ್ಯಾಡ. ಅರವತ್ತ ಮಾಡಿ ಕೊಡ್ರಿ."

ಕಾರು ಹೋದ ಮೇಲೆ ಜಟ್ಟೆಪ್ಪ ಪ್ರಲ್ಹಾದನನ್ನು ಎತ್ತಿಯೇ ಬಿಟ್ಟ. ಕಚೇರಿಯೆಲ್ಲ ಚಪ್ಪಾಳೆ ಹೊಡೆಯಿತು. ಅವನು ಕೆಳಗಿಳಿದಾಗ ಅಪ್ಪಾಸಾಹೇಬರು ಒಂದು ಕಾಗದ ಹಿಡಿದು ನಿಂತಿದ್ದರು.

"ಬ್ಯಾಸರಾ ಮಾಡ್ಕೋಬ್ಯಾಡಪಾ. ಅಳಸೂದಿಲ್ಲ ಅಂತ ಮಾತು ಕೊಟ್ಟೀನಿ. ನಾಳಿಂದ ಹೊಸದಾಗಿ ಸೇರ್ಕೋ. ಆರ ತಿಂಗಳ ಪ್ರೊಬೇಷನ್."

"ಇರ್ಲಿ ಬಿಡ್ರಿ, ಗಡಿಯಾರಂತೂ ಸರಿ ಆತಲ್ಲ," ಎಂದ ಪ್ರಲ್ಹಾದ. ನಿಜಕ್ಕೂ ಅವನಿಗೆ ಖುಷಿಯೇ ಆಗಿತ್ತು. "ಅರವತ್ತ ಮಷಿನ್ ಅಂದ್ರ ನಾಳಿಂದನ ಎಲ್ಲಾರೂ ಕೂಡಿ ಕೆಲಸಕ್ಕ ಹತ್ತಬೇಕು."

ನೀತಾ ಕೆಮ್ಮಿದಳು. ಅವಳ ಕೈಯಲ್ಲಿ ಹದಿನಾಲ್ಕು ರಜೆ ಅರ್ಜಿಗಳಿದ್ದವು. ಮೂವತ್ತು ದಿನ ಹಗಲಿರುಳು ದುಡಿದವರಿಗೆ ಎರಡು ವಾರದ ಬದಲಿ ರಜೆ ಕಂಪನಿಯದೇ ನಿಯಮ. ದಾಖಲೆ ಯಂತ್ರದಲ್ಲಿತ್ತು; ಅಳಿಸಲು ಬರುವಂತಿರಲಿಲ್ಲ. ಅಪ್ಪಾಸಾಹೇಬರು ಒಂದೊಂದಾಗಿ ಎಲ್ಲಕ್ಕೂ ಸಹಿ ಹಾಕಿದರು.

ಶುಕ್ರವಾರ ಬೆಳಿಗ್ಗೆ ಪ್ರಲ್ಹಾದ ಹೊಸ ಕಾರ್ಡು ತೋರಿಸಿದ. ಯಂತ್ರ ಬರೆದುಕೊಂಡಿತು: 'ಗಂಟೆ ಒಂಬತ್ತು. ಹಾಜರಿ, ಒಬ್ಬರು.' ಸಮಯ ಸೆಕೆಂಡಿಗೆ ಸೆಕೆಂಡ್ ಸರಿಯಾಗಿತ್ತು.